ಗೂಟಗಳು ನೆಟ್ಟಗಾದ ಬೆಳಿಗ್ಗೆ

ನನ್ನ ನಿದ್ದೆ ಕೆಟ್ಟದ್ದು ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ. ಎಲ್ಲರ ನಿದ್ದೆ ರಾತ್ರಿ ಕೆಟ್ಟರೆ ನನ್ನದು ಹಾಡಹಗಲೇ, ಕಣ್ಣು ತೆರೆದಿದ್ದಾಗಲೇ ಕೆಟ್ಟಿತು. ಎಂಬತ್ತರ ದಶಕದ ಕೊನೆ. ಅಕ್ಕೋಳದ ಹತ್ತಿರ ಹೊಸ ರಸ್ತೆಗಾಗಿ ಒಂದು ದಿಬ್ಬ ಕಡಿಯುತ್ತಿದ್ದೆವು. ನಾನು ಎಂಜಿನಿಯರು. ಅಂದರೆ ಗೂಟ ಹೊಡೆಯುವವನು. ದಿಬ್ಬದ ಇಳಿಜಾರು ಎಲ್ಲಿಂದ ಶುರುವಾಗಬೇಕೋ ಅಲ್ಲಿ ಗೂಟ ಹುಗಿದು, ಎಷ್ಟು ಆಳ ಕಡಿಯಬೇಕು, ರಸ್ತೆಯ ನಡುಗೆರೆಯಿಂದ ಎಷ್ಟು ದೂರ ಎಂಬುದನ್ನು ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆಯಬೇಕು. ನೆಲ ಎತ್ತರವಿದ್ದಲ್ಲಿ ಗೂಟ ದೂರ, ತಗ್ಗಿದ್ದಲ್ಲಿ ಹತ್ತಿರ. ಹೀಗಾಗಿ ಸಾಲು ಡೊಂಕಾಗಿಯೇ ಇರುತ್ತದೆ. ಇದನ್ನು ಕಾಲೇಜಿನಲ್ಲಿ ನನಗೆ ಕಲಿಸಿದ್ದರು. ಅಕ್ಕೋಳದವರಿಗೆ ಯಾರೂ ಕಲಿಸಿರಲಿಲ್ಲ.

ಎರಡು ದಿನ ಚಿಕ್ಕೋಡಿಯ ಆಫೀಸಿಗೆ ಹೋಗಿ ಬಂದು ನೋಡುತ್ತೇನೆ, ಗೂಟಗಳೆಲ್ಲ ಕವಾಯತಿಗೆ ನಿಂತ ಪೊಲೀಸರಂತೆ ನೆಟ್ಟಗಿವೆ! ಒಂದು ಕ್ಷಣ ನನ್ನ ಕೆಲಸದ ಮೇಲೆ ನನಗೇ ಅಭಿಮಾನ ಬಂತು. ಆಮೇಲೆ ಅನುಮಾನ. ಅಳತೆಯ ಪುಸ್ತಕ ತೆಗೆದು ಗೂಟಗಳ ಬರಹದೊಂದಿಗೆ ತಾಳೆ ನೋಡಿದೆ. ಒಂದು ಅಂಕಿಯೂ ತಪ್ಪಿರಲಿಲ್ಲ. ಹೇಗೆ ತಪ್ಪೀತು? ಗೂಟ ಎಲ್ಲಿಗೆ ಹೋದರೂ ಅದರ ಮೇಲಿನ ಬರಹವೂ ಜೊತೆಗೇ ಹೋಗುತ್ತದೆ. ಆದರೆ ದಿಬ್ಬದ ನಡುವಿನ ಗೂಟಗಳು ರಸ್ತೆಯ ಕಡೆ ಸರಿದಿದ್ದವು. ಇಳಿಜಾರಾಗಬೇಕಿದ್ದ ಮಣ್ಣು ಗೋಡೆಯಾಗಿ ನಿಂತಿತ್ತು. ಆ ಗೋಡೆಯ ಬುಡದಲ್ಲಿ, ಬುಲ್‌ಡೋಜರ್ ಮೇಲೆ, ರಾಯಬಾಗದ ಖಾಜಾಸಾಬ ಬೀಡಿ ಕಚ್ಚಿಕೊಂಡು ಕೂತಿದ್ದ.

ಮೇಲಿನಿಂದ ಸಣ್ಣ ಮಣ್ಣು ಉದುರತೊಡಗಿತು. ಕೂಗಲು ಬಾಯಿ ತೆರೆದರೆ ದನಿಯೇ ಇಲ್ಲ. ಒಂದು ಕೈಯಿಂದ ಬಾಯಿ ತೋರಿಸುತ್ತ ಇನ್ನೊಂದು ಕೈಯಿಂದ ಅವನನ್ನು ಕರೆದೆ. ಖಾಜಾಸಾಬ ನಕ್ಕು, ಮಶೀನು ನಿಲ್ಲಿಸಿ, ಇಳಿದು ಬಂದ. ಅವನು ನನ್ನ ಹತ್ತಿರ ಮುಟ್ಟುವಷ್ಟರಲ್ಲಿ ಗೋಡೆ ಬಿತ್ತು. ಅವನು ಕೂತಿದ್ದ ಸೀಟು ಕಾಣಲಿಲ್ಲ. ಅತ್ತ ತಿರುಗಿ ನೋಡಿ ಅವನು ಮೆಲ್ಲಗೆ ಕೇಳಿದ, "ಸಾಹೇಬ್ರ, ಚಹಾ ಎಲ್ಲೈತ್ರಿ?"

ಸದ್ದು ಕೇಳಿ ಪಕ್ಕದ ಹೊಲದ ತುಕಾರಾಮ ಕಾಕಾ ಓಡಿ ಬಂದರು. ಗೂಟ ಸರಿಸಿದವರು ಯಾರೆಂದು ಕೇಳಿದರೆ ಮುಚ್ಚುಮರೆಯಿಲ್ಲದೆ ತಾನೇ ಎಂದರು. "ಗೂಟದ ಸಾಲ ಡೊಂಕ ಬಿದ್ದಿತ್ರಿ. ಮ್ಯಾಲಿನ ಸಾಹೇಬ್ರು ಬಂದ್ರ ನಿಮ್ಮನ್ನ ಬೈತಾರಂತ ಹಗ್ಗಾ ಹಿಡದ ನೆಟ್ಟಗ ಮಾಡೇನಿ. ತಂಬಾಕ ಸಸಿ ಹಚ್ಚೂ ಕೈ ಐತ್ರಿ ನಂದು."

"ಇವತ್ತ ನನ್ನೂ ಸಸಿಗತೆ ಹಚ್ಚತಿದ್ದಿ ನೋಡ ಕಾಕಾ," ಎಂದ ಖಾಜಾಸಾಬ. ಕಾಕಾ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತರು. ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ನನ್ನ ಬಗ್ಗೆ ಇಷ್ಟು ಕಾಳಜಿ ಮಾಡಿದವರು ನಮ್ಮ ಇಲಾಖೆಯಲ್ಲೂ ಇರಲಿಲ್ಲ.

ಮಶೀನನ್ನು ಮಣ್ಣಿನಿಂದ ಹೊರತೆಗೆಸಿ, ಮತ್ತೆ ಅಳೆದು, ಡೊಂಕಾಗಿಯೇ ಗೂಟ ಹುಗಿದೆ. ಖಾಜಾಸಾಬ ಮಾತ್ರ ಒಂದು ಕರಾರು ಹಾಕಿದ: ಅವನು ಕೆಳಗೆ ಕಡಿಯುವಷ್ಟು ಹೊತ್ತು ಕಾಕಾ, ನಾನು ಇಬ್ಬರೂ ದಿಬ್ಬದ ಮೇಲೆ ನಿಂತಿರಬೇಕು. "ಬಿದ್ರ ಮೂರೂ ಮಂದಿ ಕೂಡೇ ಬೀಳೂಣ್ರಿ." ದಿನಾಲೂ ಸಂಜೆಯ ತನಕ ನಿಂತೆವು. ರಾತ್ರಿ ನಾನು ಹಾಸಿಗೆಯಲ್ಲೆದ್ದು ಕೂತು ಕೈಬೀಸಿ ಯಾರನ್ನೋ ಕರೆಯುತ್ತಿದ್ದೆನಂತೆ. ಹೆಂಡತಿ ಪ್ರತಿಸಲವೂ ನೀರು ಕುಡಿಸಿ ಮಲಗಿಸುತ್ತಿದ್ದಳು.

ಕೊನೆಗೆ ಖಾಜಾಸಾಬನ ಮಶೀನು ದಿಬ್ಬ ದಾಟಿ ಬಯಲಿಗೆ ಬಂದ ದಿನ ನಾನು ಬೆಳಗಿನ ತನಕ ಒಂದೇ ನಿದ್ದೆ ಮಾಡಿದೆ. ಎದ್ದು ಹೆಂಡತಿಯ ಮುಖ ನೋಡಿದರೆ ಕಣ್ಣು ಕೆಂಪಗಾಗಿದ್ದವು. ನಾನು ಅಲುಗಾಡದ್ದಕ್ಕೆ ಗಾಬರಿಯಾಗಿ, ರಾತ್ರಿಯೆಲ್ಲ ನನ್ನ ಮೂಗಿನ ಮುಂದೆ ಬೆರಳಿಟ್ಟುಕೊಂಡು ಕೂತಿದ್ದಳಂತೆ.