ಖಾಸಿಂಸಾಬರ ಪ್ರೊಸೆಸರ್‌ಗೆ ವಯಸ್ಸಾಯಿತು

ಕೇಳದಿದ್ದರೂ ಮಾತು ಕೊಡುವುದು ನನ್ನ ಹಳೆಯ ರೋಗ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ, ಸುಲಭದ ಪ್ರಶ್ನೆಗಳೇ ಬರುತ್ತವೆಂದು ಮಕ್ಕಳಿಗೆ ಧೈರ್ಯ ಹೇಳಿ, ಫಲಿತಾಂಶದ ದಿನ ರಜೆ ಹಾಕುತ್ತಿದ್ದೆ. ನಿವೃತ್ತನಾದ ಮೇಲಾದರೂ ಸುಧಾರಿಸಬೇಕಿತ್ತು. ಬೆಟಗೇರಿಯ ನೇಕಾರ ಖಾಸಿಂಸಾಬರು ಸೀರೆಯ ದಡಿಯ ಚಿತ್ತಾರಗಳನ್ನು ಕಂಪ್ಯೂಟರಿನಲ್ಲಿ ಬರೆಯಲು ಕಲಿಯುತ್ತೇನೆಂದಾಗ, ಮನೆಯಲ್ಲಿ ಧೂಳು ತಿನ್ನುತ್ತಿದ್ದ ನನ್ನ ಹಳೆಯ ಯಂತ್ರವನ್ನು ಕೊಟ್ಟೆ. ಅದರಲ್ಲಿ ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಮ್ ಹಾಕಿ, ಎದೆ ತಟ್ಟಿ ಹೇಳಿಯೂಬಿಟ್ಟೆ: ಇದು ಯಾವ ಕಂಪನಿಯ ಸ್ವತ್ತೂ ಅಲ್ಲ, ಊರವರೆಲ್ಲ ಸೇರಿ ಕಟ್ಟಿದ್ದು, ಯಂತ್ರ ಹಳೆಯದಾಯಿತೆಂದು ನಿಮ್ಮನ್ನು ಯಾರೂ ಹೊರಗೆ ಹಾಕುವುದಿಲ್ಲ. ಎಪ್ಪತ್ತರ ಅಂಚಿನ ಆ ಮನುಷ್ಯ ಮೌಸನ್ನು ಲಾಳಿಯಂತೆ ಜೋರಾಗಿ ಓಡಿಸಿ, ಮೇಜಿನಿಂದ ಕೆಡವುತ್ತ ಕೆಡವುತ್ತಲೇ ಕಲಿತರು.

ಅಂದಿನಿಂದ ಪ್ರತಿ ಶುಕ್ರವಾರ ಅವರು ನಮಾಜು ಮುಗಿಸಿ ಬರುವ ಹೊತ್ತಿಗೆ, ಗದಗಿನಿಂದ ನಾನು ಪೆನ್‌ಡ್ರೈವ್ ಹಿಡಿದು ಹಾಜರು. ಅಪ್‌ಡೇಟ್ ಹಾಕಬೇಕೆನ್ನುವುದು ನೆಪ. ನಿಮ್ಮ ಮುಂದೆ ಮುಚ್ಚುಮರೆ ಯಾಕೆ, ಹೆಚ್ಚಿನ ವಾರ ಹಾಕಲು ಏನೂ ಇರುತ್ತಿರಲಿಲ್ಲ. ಸಾಬರ ಹರಟೆ, ಅವರ ಹೆಂಡತಿ ಫಾತಿಮಾಬಿಯವರ ಏಲಕ್ಕಿ ಚಹಾ ಇಲ್ಲದೆ ನನಗೆ ವಾರ ಮುಗಿದಂತೆಯೇ ಆಗುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ ಏನೇನೋ ಟೈಪು ಮಾಡಿ, ಇನ್ನೂ ಅರ್ಧ ತಾಸು ಬೇಕೆಂದು ಹೇಳಿ ಕೂರುತ್ತಿದ್ದೆ. ಎರಡನೆಯ ಚಹಾ ಬಂದ ಮೇಲೆ ಕೆಲಸ ಮುಗಿಯುತ್ತಿತ್ತು.

ಹೀಗಿರುವಾಗ ಒಂದು ದಿನ ಓದಿದೆ: ಆ ಆಪರೇಟಿಂಗ್ ಸಿಸ್ಟಮ್‌ನ ಹೊಸ ಆವೃತ್ತಿ ನಡೆಯಲು ಕನಿಷ್ಠ ಎಂಥ ಪ್ರೊಸೆಸರ್ ಬೇಕೆಂಬ ಮಟ್ಟವನ್ನು ಏರಿಸಿದ್ದಾರೆ. ಸಾಬರದು ಅದಕ್ಕಿಂತ ಹಳೆಯದು. ಈಗಿರುವುದು ನಡೆದಷ್ಟು ದಿನ ನಡೆಯುತ್ತದೆ, ಅದಕ್ಕೆ ಅಪ್‌ಡೇಟ್ ಮಾತ್ರ ಇನ್ನು ಬರುವುದಿಲ್ಲ. ಕೊಟ್ಟ ಮಾತೂ ಹೋಯಿತು, ನನ್ನ ಶುಕ್ರವಾರವೂ ಹೋಯಿತು. ಎರಡು ವಾರ ಜ್ವರವೆಂದು ಸುಳ್ಳು ಹೇಳಿ ಮನೆಯಲ್ಲೇ ಕುಳಿತೆ. ಮೂರನೆಯ ವಾರ ತಡೆಯಲಾಗದೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ.

ಸಾಬರು ಸಿಟ್ಟಾಗಲಿಲ್ಲ. ಸಣ್ಣ ನೂಲು ಬಂದಾಗ ತಮ್ಮ ಮಗ್ಗದಲ್ಲಿ ಎಳೆಗಳನ್ನು ಹಾಯಿಸುವ ಹಳೆಯ ಫಣಿಗೂ ಅದು ಹೊಂದಲಿಲ್ಲವಂತೆ. ಹಾಗೆಂದು ಮಗ್ಗ ಮುರಿಯಲಿಲ್ಲ, ದಪ್ಪ ನೂಲಿನ ಸೀರೆ ನೇಯುತ್ತ ಹೋದರಂತೆ. ಸಣ್ಣ ನೂಲಿಗೆಂದು ಹೊಸ ಮಗ್ಗ ಮಾಡಿದವರ ಮೇಲೆ ಅವರಿಗೆ ಯಾವ ದೂರೂ ಇರಲಿಲ್ಲ. ಆಮೇಲೆ ಚಹಾದ ಬಸಿಯನ್ನೇ ನೋಡುತ್ತ ಕೇಳಿದರು:

“ಅಪ್‌ಡೇಟ್ ಬರೂದಿಲ್ಲಂದ್ರ ನೀವೂ ಬರೂದಿಲ್ಲೇನ್ರಿ ಸರ?”

ಅಪ್‌ಡೇಟ್ ಎನ್ನುವುದು ಬಹಳ ಸಲ ಬರೀ ಸುಳ್ಳೇ ಆಗಿತ್ತು, ನಾನು ಬರುತ್ತಿದ್ದದ್ದು ನಿಮಗಾಗಿ ಎಂದುಬಿಟ್ಟೆ. ಸಾಬರು ಫಾತಿಮಾಬಿಯವರ ಮುಖ ನೋಡಿ ನಕ್ಕರು.

“ಅದು ನಮಗ ಖಬರ ಐತಿ ಬಿಡ್ರಿ ಸರ. ಹೋದ ವರ್ಷ ಒಂದಿನ ಕರೆಂಟ್ ಹೋಗಿತ್ತು. ಅವತ್ತೂ ನೀವು ಅರ್ಧ ತಾಸು ಅಪ್‌ಡೇಟ್ ಹಾಕಿದ್ರಿ.”

ಕರೆಂಟ್ ಹೋಗಿದ್ದು ನನಗೆ ಇವತ್ತಿಗೂ ನೆನಪಿಲ್ಲ.