ಎಫ್ ಒನ್ನೋ ಡಿಲೀಟೋ

‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಹೊರಟಿದ್ದನ್ನು ಕೊಳ್ಳೇಗಾಲದಲ್ಲಿ ಕೇಳಿದವರಿಲ್ಲ. ಇದು ಜಂಬ ಎನ್ನುತ್ತಾಳೆ ನನ್ನ ಹೆಂಡತಿ ಶಿವಮ್ಮ. ಆತ್ಮಗೌರವ ಎನ್ನುತ್ತೇನೆ ನಾನು. ಲಾರಿಯವನು ದಾರಿ ಕೇಳಿದರೂ ಹೇಳುತ್ತೇನೆ, ಪಕ್ಕದ ಮನೆಯವರು ಹೊಟ್ಟೆನೋವಿಗೆ ಮದ್ದು ಕೇಳಿದರೂ ಹೇಳುತ್ತೇನೆ. ಬಹಳ ಕಾಲ ಟೈಪಿಂಗ್ ಕಲಿಸಿದ ಮೇಷ್ಟ್ರು ನಾನು, ಉತ್ತರ ಕೊಡುವುದು ರಕ್ತದಲ್ಲೇ ಬಂದುಬಿಟ್ಟಿದೆ. ಟೈಪ್‌ರೈಟರುಗಳ ಕಾಲ ಮುಗಿಯಿತೆಂದು ಗೊತ್ತಾದ ಕೂಡಲೇ ಅವನ್ನು ಮೂಲೆಗೆ ಸೇರಿಸಿ ಕಂಪ್ಯೂಟರ್ ತಂದೆ. ನಮ್ಮ ಬೀದಿಗೆ ಅದೇ ಮೊದಲನೆಯದು. ಆಟೋದಿಂದ ಇಳಿಸುವಾಗ ಎದುರಿನ ರೇಷ್ಮೆ ಸೀರೆ ಅಂಗಡಿಯವರು ಗಿರಾಕಿಯನ್ನೂ ಬಿಟ್ಟು ನೋಡಲು ಬಂದರು. ಆ ದಿನ ನಾನು ಬೇಕೆಂದೇ ನಿಧಾನವಾಗಿ ಇಳಿಸಿದೆ.

ಆಮೇಲೆ ಮದುವೆ ಕಾರ್ಡು ಮಾಡತೊಡಗಿದೆ. ನಮ್ಮ ಕಡೆ ಕಾರ್ಡು ಕೈಗೆ ಬಂದರೆ ಜನ ಗಂಡು ಹೆಣ್ಣಿನ ಹೆಸರು ನೋಡುವುದಿಲ್ಲ, ಮುಹೂರ್ತವನ್ನೂ ನೋಡುವುದಿಲ್ಲ. ಮೊದಲು ಹುಡುಕುವುದು ತಮ್ಮ ಹೆಸರನ್ನು. ಅದು ಸಿಕ್ಕಿದ ಮೇಲೆ, ತಮಗಿಂತ ಮೇಲೆ ಯಾರು ಕೂತಿದ್ದಾರೆ ಎಂಬುದನ್ನು. ಹೊನ್ನೂರಿನ ಬಸಪ್ಪನವರ ಮಗಳ ಮದುವೆಯಲ್ಲೂ ಅದೇ ಆಯಿತು. ಹುಡುಗಿಯ ಚಿಕ್ಕಪ್ಪ ನಂಜಪ್ಪ, ಅಜ್ಜೀಪುರದ ಸೋದರಮಾವ ಪುಟ್ಟಸ್ವಾಮಿ, ಇಬ್ಬರೂ ನನ್ನ ಅಂಗಡಿಯಲ್ಲೇ ತೊಡೆ ತಟ್ಟಿದರು. “ನನ್ನೆಸ್ರು ಕೆಳಗಿದ್ರೆ ಉಡುಗೀನ ಅಸೆಗೆ ನೀವೇ ಎತ್ಕಂಡು ಬನ್ನಿ, ನಾ ಬರಾಕಿಲ್ಲ” ಎಂದ ಪುಟ್ಟಸ್ವಾಮಿ. ಸೋದರಮಾವನೇ ಬಾರದಿದ್ದರೆ ಹುಡುಗಿಯನ್ನು ಮಂಟಪಕ್ಕೆ ಕರೆತರುವವರು ಯಾರು? ನಂಜಪ್ಪ ಸಿಟ್ಟಿನಲ್ಲಿ ಕರಡು ಹಾಳೆಯನ್ನೇ ಹರಿದು ಬಿಸಾಡಿದ. ಬಸಪ್ಪನವರು ತಲೆಯ ಮೇಲೆ ಕೈ ಹೊತ್ತು ಕೂತರು.

ಆಗ ಹೊಳೆಯಿತು ನೋಡಿ ನನಗೆ! ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ, ಒಂದೇ ಗಾತ್ರದಲ್ಲಿ ಕೂರಿಸಿದೆ. ಎಡಗಡೆಯ ನಂಜಪ್ಪನಿಗೆ ‘ಓದುವಾಗ ನೀವೇ ಮೊದಲು’ ಎಂದೆ. ಬಲಗಡೆಯ ಪುಟ್ಟಸ್ವಾಮಿಗೆ ‘ಶುಭವೆಲ್ಲ ಬಲಕ್ಕೇ ಅಲ್ಲವೇ’ ಎಂದೆ. ಇಬ್ಬರೂ ಮೀಸೆ ತಿರುವಿಕೊಂಡು ಹೋದರು. ಮಂತ್ರಿಮಂಡಲ ರಚಿಸುವವರಿಗೂ ಇಷ್ಟು ಬುದ್ಧಿ ಓಡಲಿಕ್ಕಿಲ್ಲ ಎಂದು ಅಂದು ಊಟ ಮಾಡುತ್ತಾ ಶಿವಮ್ಮನಿಗೆ ಹೇಳಿದೆ. ಅವಳು ಇನ್ನೊಂದು ಮುದ್ದೆ ಬೇಕಾ ಎಂದಳು.

ಮರುದಿನ ಬೆಳಿಗ್ಗೆ ಬಸಪ್ಪನವರು ಜೀಪು ಮಾಡಿಕೊಂಡೇ ಬಂದರು. ಮೊದಲ ಕಾರ್ಡು ಬೆಟ್ಟದ ಮಾದಪ್ಪನ ಪಾದಕ್ಕೆ, ಆಮೇಲೆ ಉಳಿದವರಿಗೆ, ಅದು ಅವರ ಮನೆಯ ಪದ್ಧತಿ. ನಾನು ಗತ್ತಿನಿಂದ ಸ್ವಿಚ್ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿ ನಿಂತುಬಿಟ್ಟಿತು. ಒಳಗಿನ ಡ್ರೈವಿನ ಸ್ಥಿತಿ ಕೆಟ್ಟಿದೆ, ಇರುವುದನ್ನು ನಕಲು ಮಾಡಿಕೊಂಡು ಅದನ್ನು ಬದಲಾಯಿಸಿ. ಮುಂದುವರಿಯಲು ಎಫ್ ಒನ್, ಸೆಟಪ್‌ಗೆ ಡಿಲೀಟ್. ಡಿಲೀಟ್ ಎಂದರೆ ಅಳಿಸುವುದು ಎಂದು ನಾನೇ ಊರಿಗೆಲ್ಲ ಪಾಠ ಮಾಡಿದ್ದೇನೆ. ಹಾಗೆಂದು ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳುವ ಯಂತ್ರವನ್ನು ಮುಂದುವರಿ ಎಂದು ದಬಾಯಿಸಿದರೆ, ಇದ್ದ ಜೀವವೂ ಹೋದರೆ? ನಂಜಪ್ಪ, ಪುಟ್ಟಸ್ವಾಮಿಯನ್ನು ಕೂರಿಸಿದ ಆ ಸಾಲು ಇದ್ದದ್ದು ಅದರ ಹೊಟ್ಟೆಯೊಳಗೆ ಮಾತ್ರ. ಹೋಯಿತೆಂದರೆ ಆ ಇಬ್ಬರನ್ನೂ ಮತ್ತೆ ಕರೆಸಿ ಒಪ್ಪಿಸಬೇಕು, ಮತ್ತೆ ಜಗಳವೆದ್ದರೆ ಮದುವೆ ಉಳಿಯುವುದಿಲ್ಲ.

“ಏನ್ಸಾ ಅದು, ಏನೋ ಬರ್ದದಲ್ಲ?” ಎಂದರು ಬಸಪ್ಪ.

“ಏನೂ ಇಲ್ಲ, ನಮಸ್ಕಾರ ಹೇಳ್ತಾ ಇದೆ” ಎಂದೆ.

ಕಾಫಿ ತಂದ ಶಿವಮ್ಮ ನನ್ನ ಹಣೆಯ ಬೆವರು ನೋಡಿದಳು. “ಮೈಸೂರ್ನೋರ್ಗೆ ಒಂದ್ ಪೋನ್ ಮಾಡ್ಬಾರ್ದಾ? ರಿಪೇರಿಯವ್ರು ಬಂದು ನೋಡ್ಲಿ.”

“ಕೆಟ್ಟಿದ್ದರೆ ತಾನೇ ರಿಪೇರಿ? ನನ್ನ ಯಂತ್ರಕ್ಕೆ ಏನೂ ಆಗಿಲ್ಲ!” ಎಂದು ಗದರಿದೆ. ಮಾತು ಮುಗಿಯಿತು, ಬೆರಳು ಮಾತ್ರ ಎಫ್ ಒನ್ನಿಗೂ ಡಿಲೀಟಿಗೂ ನಡುವೆ ಓಲಾಡುತ್ತಲೇ ಇತ್ತು.

ಬಸಪ್ಪನವರೇನು ದಡ್ಡರಲ್ಲ. “ಯೋಚ್ನೆ ಯಾಕೆ ಸಾ? ಊ ಕೇಳವ” ಎಂದರು. ಹೆಣ್ಣು ನೋಡುವಾಗ, ಬೋರು ಕೊರೆಸುವಾಗ ಅವರು ದೇವರ ಮೇಲೆ ಹೂವಿಟ್ಟು ಕೇಳಿಯೇ ಮುಂದಿನ ಹೆಜ್ಜೆ ಇಟ್ಟವರು. ಬಲಕ್ಕೆ ಬಿದ್ದರೆ ಸೈ, ಎಡಕ್ಕೆ ಬಿದ್ದರೆ ಬೇಡ. ಗೋಡೆಯ ಮಾದಪ್ಪನ ಪಟದಿಂದ ಒಂದು ಮಲ್ಲಿಗೆ ಮೊಗ್ಗು ತೆಗೆದು, ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಒಂದು ಹನಿ ನೀರು ಮುಟ್ಟಿಸಿ, ಮಾನಿಟರಿನ ನೆತ್ತಿಗೆ ಅಂಟಿಸಿ ಕೈಮುಗಿದರು. ವಿಜ್ಞಾನದ ಯುಗದಲ್ಲಿ ಇದೇನಿದು ಎಂದು ನಕ್ಕೆ. ನಗುತ್ತಲೇ ಬಲಕ್ಕೆ ಎಫ್ ಒನ್, ಎಡಕ್ಕೆ ಡಿಲೀಟ್ ಎಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡು ಮೊಗ್ಗನ್ನೇ ನೋಡುತ್ತಾ ಕೂತೆ.

ಮಾನಿಟರು ಬಿಸಿಯೇರಿತು, ನೀರು ಆರಿತು. ಮೊಗ್ಗು ಬಲಕ್ಕೂ ವಾಲಲಿಲ್ಲ, ಎಡಕ್ಕೂ ವಾಲಲಿಲ್ಲ. ಮೆಲ್ಲಗೆ ಹಿಂದಕ್ಕೆ ಜಾರಿ, ಗಾಳಿಯಾಡಲೆಂದು ಬಿಟ್ಟಿದ್ದ ಸೀಳಿನೊಳಗೆ ಇಳಿದುಹೋಯಿತು!

“ಉಘೇ ಮಾದಪ್ಪ!” ಎಂದು ಬಸಪ್ಪ ಕೂಗಿದರು. “ಅವನೇ ಒಳೀಕ್ ಓಗವ್ನೆ ಕಣ್ರಿ. ಇನ್ಯಾವ್ದ ಒತ್ತಿದ್ರೂ ಸೈ!”

ಕಣ್ಣು ಮುಚ್ಚಿ ಎಫ್ ಒನ್ ಒತ್ತಿದೆ. ಗರ್ರೆಂದು ಕೆಮ್ಮಿ, ಕ್ಷಣ ನಿಂತು, ಯಂತ್ರ ತೆರೆದುಕೊಂಡಿತು. ನಂಜಪ್ಪ ಎಡಕ್ಕೆ, ಪುಟ್ಟಸ್ವಾಮಿ ಬಲಕ್ಕೆ, ಕೂರಿಸಿದ ಹಾಗೆಯೇ ಇದ್ದರು! ನನಗೆ ಕುಣಿಯಬೇಕೆನಿಸಿತು. ಆದರೆ ಬಸಪ್ಪ ಕೈಮುಗಿದದ್ದು ಮಾನಿಟರಿಗೆ. ಒತ್ತಿದ ಬೆರಳು ಯಾರದು ಸ್ವಾಮಿ? ನನ್ನ ಮೋರೆ ನೋಡಿಯೋ ಏನೋ, “ನಿಮ್ಮೆಸ್ರೂ ಕಾರ್ಡ್ನಲ್ಲಿ ಎಲ್ಲಾದ್ರೂ ಒಂದ್ಕಡೆ ಆಕ್ಕಳಿ ಸಾ” ಎಂದರು. ಬೇಡ ಬೇಡ ಎಂದು ಎರಡು ಸಲ ಉಪಚಾರಕ್ಕೆ ಹೇಳಿ, ಹಾಕಿಕೊಂಡೆ. ಕೆಳಗೇ ಹಾಕಿದೆ, ಒಂಟಿ ಸಾಲಿನಲ್ಲಿ. ಒಂಟಿಯಾಗಿರುವ ಹೆಸರು ಬಡಕಲಾಗಿ ಕಾಣಬಾರದೆಂದು ಅಕ್ಷರವನ್ನು ತುಸು ದಪ್ಪ ಮಾಡಿದೆ. ತುಸು ಎಂದರೆ, ನೋಡಿದ ಕೂಡಲೇ ಕಾಣುವಷ್ಟು.

ಮದುವೆಗೆ ಯಳಂದೂರಿನ ಛತ್ರಕ್ಕೆ ಜರಿ ಶಲ್ಯ ಹೊದ್ದು ಹೋದೆ, ಜೊತೆಗೆ ಶಿವಮ್ಮ. ಬಾಗಿಲಲ್ಲೇ ನಂಜಪ್ಪ, ಪುಟ್ಟಸ್ವಾಮಿ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿದ್ದರು. ಈ ಒಗ್ಗಟ್ಟು ನನ್ನಿಂದಲೇ ಎಂದು ಹಿಗ್ಗುತ್ತಾ ಹತ್ತಿರ ಹೋದರೆ, ಇಬ್ಬರೂ ಒಂದೇ ಕಾರ್ಡನ್ನು ಹಿಡಿದು ನನ್ನನ್ನೇ ಕಾಯುತ್ತಿದ್ದರು.

“ಏನ್ಸಾ, ನಮ್ಮಿಬ್ರಿಗಿಂತ್ಲೂ ದಪ್ಪಕ್ಕೆ ಕುಂತ್ಕಬುಟ್ಟಿದ್ದೀರಿ?” ಎಂದ ನಂಜಪ್ಪ.

“ನೀವು ಎಣ್ಣಿನ ಕಡೇರೋ, ಗಂಡಿನ ಕಡೇರೋ?” ಎಂದ ಪುಟ್ಟಸ್ವಾಮಿ. “ಇದ್ಕೆ ಉತ್ರ ಬರೋಗಂಟ ನಾ ಉಡುಗಿ ಕರ್ಕಬರಾಕಿಲ್ಲ.”

ಒಳಗೆ ವಾಲಗ ಶುರುವಾಗಿತ್ತು. ನಾನು ಶಲ್ಯ ಸರಿಮಾಡಿಕೊಂಡು, ಶಿವಮ್ಮನ ಕಡೆ ನೋಡದೆ, ಗಂಭೀರವಾಗಿ ಹೇಳಿದೆ: “ಡ್ರೈವ್ ಕೆಟ್ಟುಹೋಗಿದೆ ಕಣಪ್ಪ, ಅಕ್ಷರ ತಾನಾಗೇ ದಪ್ಪಗಾಗಿಬಿಟ್ಟಿದೆ. ನಾಳೆಯೇ ಮೈಸೂರಿಂದ ರಿಪೇರಿಯವರನ್ನು ಕರೆಸ್ತೀನಿ.”