ಜ್ವರದ ಹುಳಕ್ಕೆ ಇಂಟರ್ನೆಟ್ ಸೊಪ್ಪು

ನಮ್ಮ ಸವಿತಾಳ ಕೆಲಸ ಕಾಯಂ ಆಯಿತು! ಇದನ್ನು ಮೊದಲು ಹೇಳಿಬಿಟ್ಟರೆ ನನ್ನ ಹೊಟ್ಟೆ ಹಗುರ. ಚನ್ನಪಟ್ಟಣದಿಂದ ಅಕ್ಕೂರಿನವರೆಗೆ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದೆ. ಒಬ್ಬರು ಇಳಿದು ಇನ್ನೊಬ್ಬರು ಕೂತರೆ ಮತ್ತೆ ಮೊದಲಿನಿಂದ ಹೇಳಿದೆ. ಕಂಡಕ್ಟರು, "ಅಜ್ಜಮ್ಮ, ನಿಮ್ ಮೊಮ್ಮಗಳ ವಿಷ್ಯ ನಂಗೇ ಬಾಯ್ಪಾಠ ಆಗೋಯ್ತು, ಒಸಿ ಇಳೀರಿ, ನಿಮ್ಮೂರು ಬಂತು" ಅಂದ. ಮೊಮ್ಮಕ್ಕಳ ಸುದ್ದಿ ಹೇಳುವಾಗ ಮುದುಕಿಯರಿಗೆ ನಾಚಿಕೆ ಇರುವುದಿಲ್ಲ ಅನ್ನುತ್ತಾರೆ. ನನಗಿತ್ತು, ಅವತ್ತು ಮನೆಯಲ್ಲೇ ಬಿಟ್ಟು ಹೋಗಿದ್ದೆ.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಒಂದು ಸಾಲು ಮುಗಿಯುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ನನ್ನ ನಿಜವಾದ ವಿದ್ಯೆ ಎಂದರೆ ರೇಷ್ಮೆ ಹುಳ ಸಾಕುವುದು. ಸವಿತಾ ನನ್ನ ಮಗನ ಮಗಳು. ಚನ್ನಪಟ್ಟಣದ ಒಂದು ಡಿಟಿಪಿ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆ, ಕರಪತ್ರ ಜೋಡಿಸುತ್ತಾಳೆ. ಮಾಲೀಕರು ಮೂರು ತಿಂಗಳು ನೋಡಿ ಹೇಳುತ್ತೇನೆ ಎಂದವರು ಕೊನೆಗೆ ಒಂದು ಪರೀಕ್ಷೆಯನ್ನೇ ಇಟ್ಟರು. ಹುಳದ ಮರಿ ಮಾರುವ ಸಾಹುಕಾರರೊಬ್ಬರು ಆ ಅಂಗಡಿಯಲ್ಲೇ ಹುಳ ಸಾಕಣೆಯ ಪುಸ್ತಕ ಮಾಡಿಸಿದ್ದರು. ಈಗ ಅದನ್ನೇ ಇಂಟರ್ನೆಟ್ಟಿಗೆ ಹಾಕಬೇಕು. ಅವತ್ತು ಮೂರು ಗಂಟೆಗೆ ಸಾಹುಕಾರರು ಬಂದು ನೋಡಿ ಒಪ್ಪಿದರೆ ಕೆಲಸ, ಇಲ್ಲದಿದ್ದರೆ ಮನೆ.

ಅಂಥ ದಿನವೇ ಹುಡುಗಿ ಊಟದ ಡಬ್ಬಿ ಬಿಟ್ಟು ಹೋಗಬೇಕೆ? ನಾನೇ ಹೊತ್ತುಕೊಂಡು ಹೋದೆ. "ನೋಡಜ್ಜಿ, ಮತ್ತೆ ಟೈಪ್ ಮಾಡೋ ಹಂಗೇ ಇಲ್ಲ. ಪುಸ್ತಕಕ್ಕೆ ಜೋಡ್ಸಿದ್ದನ್ನೇ ಎತ್ತಿ ಇಲ್ಲಿಗೆ ಬುಟ್ರೆ ಆಯ್ತು" ಎಂದು ಪರದೆ ತೋರಿಸಿದಳು. ಪುಸ್ತಕದಲ್ಲಿ ಪುಟಕ್ಕೆ ಎರಡು ಕಾಲಂ ಇದ್ದವು. ಪರದೆಯಲ್ಲಿ ಎಲ್ಲವೂ ಒಂದೇ ಉದ್ದಕ್ಕೆ, ಪೇಟ ಬಿಚ್ಚಿದ ಹಾಗೆ ಇಳಿದಿತ್ತು. ಉಣ್ಣೇ ಎಂದರೆ ಉಣ್ಣಲಿಲ್ಲ, ಚಿತ್ರಗಳನ್ನು ಚಂದ ಮಾಡುತ್ತ ಕೂತಳು. ನಾನು ಸುಮ್ಮನಿರಲಾರದೆ ಅಕ್ಷರ ಕೂಡಿಸಿದೆ. ತಲೆಬರಹ: "ಜ್ವರಕ್ಕೆ ಕೂತಾಗ". ಅದರ ಕೆಳಗೆ: "ಹೊತ್ತು ಹೊತ್ತಿಗೆ ಹೊಟ್ಟೆ ತುಂಬ ಸೊಪ್ಪು ಕೊಡಿ."

ಬೆರಳಿಟ್ಟು ಇನ್ನೊಮ್ಮೆ ಕೂಡಿಸಿದೆ, ಅದೇ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹುಳ ಪೊರೆ ಬಿಡುವ ಹೊತ್ತನ್ನು ನಾವು ಜ್ವರ ಅನ್ನುತ್ತೇವೆ. ಆಗ ಅದು ತಲೆಯೆತ್ತಿ ಅಲುಗದೆ ಕೂರುತ್ತದೆ, ಒಂದು ಚೂರೂ ತಿನ್ನುವುದಿಲ್ಲ. ಸೊಪ್ಪು ನಿಲ್ಲಿಸಿ ಸುಣ್ಣದ ಪುಡಿ ಉದುರಿಸಬೇಕು. ಸೊಪ್ಪು ಸುರಿದಿರೋ, ಒದ್ದೆಯಾಗಿ ರೋಗ ಹತ್ತಿ ಬೆಳೆಯೇ ಹೋಗುತ್ತದೆ.

"ಯಾವನವ್ವ ಹಿಂಗ್ ಬರ್ದೋನು? ಹುಳ ಸತ್ತೋಯ್ತವೆ!" ಅಂದೆ.

"ಜ್ವರ ಬಂದೋರ್ಗೆ ಊಟ ಕೊಡ್ಬ್ಯಾಡ್ವಾ ಅಜ್ಜಿ?" ಅಂದಳು ಸವಿತಾ.

ರೇಷ್ಮೆ ಮನೆಯ ಹುಡುಗಿಗೆ ಇಷ್ಟೂ ತಿಳಿಯದಲ್ಲ ಎಂದು ಬೈಯಲು ಬಾಯಿ ತೆರೆದೆ, ಹಾಗೇ ಮುಚ್ಚಿದೆ. ಮುಖಕ್ಕೆ ಹಚ್ಚುವ ಪೌಡರಿನ ವಾಸನೆ ಹುಳಕ್ಕಾಗದು ಎಂದು ಅವಳನ್ನು ಚಿಕ್ಕಂದಿನಿಂದ ಹುಳದ ಮನೆಯ ಬಾಗಿಲಾಚೆಗೇ ನಿಲ್ಲಿಸಿದವಳು ನಾನೇ ತಾನೆ?

ಪುಸ್ತಕ ಬಿಡಿಸಿದರೆ ಅಲ್ಲಿ ಸರಿಯಾಗೇ ಇತ್ತು. ಎಡಗಡೆ ಜ್ವರದ ಮಾತು, ಬಲಗಡೆ ಪೊರೆ ಬಿಟ್ಟು ಜ್ವರ ಎದ್ದ ಮೇಲೆ ಸೊಪ್ಪು ಕೊಡುವ ಮಾತು. ಕಂಪ್ಯೂಟರು ಎಡಗಡೆಯ ತಲೆಗೆ ಬಲಗಡೆಯ ಮುಂಡ ಅಂಟಿಸಿತ್ತು. ಇನ್ನೂ ನಾಲ್ಕು ಪುಟ ಹಾಗೇ ಇದ್ದವು. ಸವಿತಾ ಗಡಿಯಾರ ನೋಡಿ ಕಣ್ಣೊರೆಸಿಕೊಂಡಳು. "ಅಳ್ಬ್ಯಾಡ ಕಣ್ ಮಗ. ನಾನ್ ಹೇಳ್ತೀನಿ, ನೀನ್ ಎತ್ತಿ ಎತ್ತಿ ಮಡಗು" ಅಂದೆ. ನಾನು ಓದಿದೆ, ಅವಳು ಮಡಗಿದಳು. ಬೇಗ ಓದುವವರು ಸಾಲಿನ ಮೇಲೆ ತೇಲಿ ಹೋಗುತ್ತಾರೆ. ನಾನಾದರೆ ಪ್ರತಿ ಅಕ್ಷರಕ್ಕೂ ಎಡವುತ್ತೇನೆ. ಅವತ್ತು ಎಡವಿದ್ದೇ ಒಳ್ಳೆಯದಾಯಿತು.

ಸಾಹುಕಾರರು ಬಂದವರೇ ಜ್ವರದ ಪುಟ ತೆಗೆಸಿದರು. "ಎಲ್ರೂ ಇಲ್ಲೇ ಎಡವಟ್ಟು ಮಾಡೋದು. ಪರ್ವಾಗಿಲ್ವೆ, ಸರ್ಯಾಗೈತೆ!" ಅಂದರು.

"ನಮ್ ಹುಡ್ಗಿ ಅಂದ್ರೆ ಏನ್ ಸಾರ್" ಎಂದು ಮಾಲೀಕರು ಎದೆಯುಬ್ಬಿಸಿದರು.

"ತಪ್ಪು ಹಿಡಿದಿದ್ದು ನಮ್ಮಜ್ಜಿ ಸಾರ್" ಅಂದುಬಿಟ್ಟಳು ನನ್ನ ಬಂಗಾರ.

ಮಾಲೀಕರು ನನ್ನನ್ನೂ ಅವಳನ್ನೂ ನೋಡಿ ನಕ್ಕರು. "ಹಂಗಾದ್ರೆ ಅಂಗಡಿ ಪುಸ್ತಕಗಳನ್ನ ಇಂಟರ್ನೆಟ್ಟಿಗೆ ಹಾಕೋ ಕೆಲ್ಸ ಪೂರಾ ನಿಂದೇ ಕಣಮ್ಮ. ಇವತ್ತಿಂದ ಕಾಯಂ. ಅಜ್ಜಮ್ಮಂಗೊಂದು ಕಾಫಿ ಹೇಳ್ರಪ್ಪ!"

ಆ ಸಂಜೆ ಮನೆಮಂದಿಯೆಲ್ಲ ಸಾಲಾಗಿ ಊಟಕ್ಕೆ ಕೂತರು: ಮಗ, ಸೊಸೆ, ಸವಿತಾ, ನಮ್ಮ ಯಜಮಾನರು. ಮುದ್ದೆ, ಅವರೆಕಾಳು ಸಾರು ನನ್ನ ಕೈಯಡುಗೆಯೇ. ಬಡಿಸುತ್ತಲೇ ಇನ್ನೊಮ್ಮೆ ಕತೆ ಹೇಳಿದೆ. ನನ್ನ ಕಣ್ಣಿಂದ ಒಂದು ತಪ್ಪಾದರೂ ತಪ್ಪಿಸಿಕೊಂಡೀತೆ ಎಂದೂ ಸೇರಿಸಿದೆ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಯಜಮಾನರು ಎರಡನೇ ಮುದ್ದೆಯ ಅರ್ಧದಲ್ಲಿದ್ದಾಗ ನಾನೂ ಕೂತು ಮೊದಲ ತುತ್ತು ನುಂಗಿದೆ. "ಅಯ್ಯೋ, ಸಾರ್ಗೆ ಉಪ್ಪೇ ಹಾಕಿಲ್ಲ! ಯಾರಾದ್ರೂ ಹೇಳ್ಬಾರ್ದಾ?"

ಯಜಮಾನರು ತಲೆಯೆತ್ತದೆ ಅಂದರು: "ತಪ್ಪು ಹಿಡಿಯೋಳು ನೀನಲ್ವಾ? ಹಿಡೀತೀಯ ಅಂತ ಸುಮ್ಕೆ ಉಣ್ತಾವ್ನಿ ಕಣಮ್ಮಿ."